ಇಳಕಲ್ ದಾರಿಯಲ್ಲಿ ಒಂದು ರಾತ್ರಿಯ ಕೋಣೆ

ನೀವು ಉಡುವ ಇಳಕಲ್ ಸೀರೆಯ ಬೆಲೆಯಲ್ಲಿ ನೂಲಿನ ದರ ಇದೆ, ನೇಯ್ದವರ ಕೂಲಿ ಇದೆ, ಮಾರುವವರ ಲಾಭ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಸೀರೆಯನ್ನು ನಿಮ್ಮ ಊರಿಗೆ ತಂದವರು ಒಂದು ರಾತ್ರಿ ಎಲ್ಲೋ ಮಲಗಿ ಎದ್ದಿರುತ್ತಾರಲ್ಲ, ಆ ಕೋಣೆಯ ಬಾಡಿಗೆಯೂ ಅದರಲ್ಲಿ ಸೇರಿದೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ನನ್ನ ತಂಗಿ ಹೇಳುವ ತನಕ.

ತಂಗಿ ಮನೆಯಲ್ಲೇ ಸೀರೆ ವ್ಯಾಪಾರ ಮಾಡುತ್ತಾಳೆ. ಗಂಡನ ಗ್ಯಾರೇಜಿನ ಸಂಪಾದನೆಯಲ್ಲಿ ಮನೆ ನಡೆಯುತ್ತದೆ, ಇಬ್ಬರು ಹೆಣ್ಣುಮಕ್ಕಳ ಫೀಸು ನಡೆಯುವುದಿಲ್ಲ. ಮೊದಲು ದಾವಣಗೆರೆಯ ಒಬ್ಬ ವ್ಯಾಪಾರಿಯಿಂದ ಮಾಲು ತರುತ್ತಿದ್ದಳು. ಆತನ ಲಾಭ ಕಳೆದರೆ ಇವಳಿಗೆ ಉಳಿಯುವುದು ಅಷ್ಟಕ್ಕಷ್ಟೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ ಎಂದಾಯಿತು. ಆಗ ಅವಳು ಲೆಕ್ಕ ಹಾಕಿದಳು: ನಾನೇ ಇಳಕಲ್ಲಿಗೆ ಹೋದರೆ ಹೇಗೆ?

ಮೊದಲ ಸಲ ಹೋಗಿ ಅದೇ ದಿನ ರಾತ್ರಿ ಮರಳಿದಳು. ಎರಡನೆಯ ಸಲ ಮಾಲು ಆರಿಸುವಷ್ಟರಲ್ಲಿ ಕತ್ತಲಾಯಿತು. ಆ ದಾರಿಯ ಒಂದು ಊರಿನಲ್ಲಿ ಲಾಡ್ಜಿಗೆ ಹೋದಳು. ಊರಿನ ಹೆಸರು ಇಲ್ಲಿ ಬೇಡ. ಕೌಂಟರಿನಲ್ಲಿದ್ದವನು, "ಜೊತೆಗೆ ಗಂಡಸರು ಯಾರಿದ್ದಾರೆ?" ಎಂದು ಕೇಳಿದ. ಯಾರೂ ಇಲ್ಲ ಎಂದಳು. "ರೂಮ್ ಖಾಲಿ ಇಲ್ಲ" ಎಂದ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಹತ್ತಾರು ಕೀಲಿಗಳು ನೇತಾಡುತ್ತಿದ್ದವು. ಒಂಟಿ ಹೆಂಗಸು ಎಂದು ಹಾಗೆಂದನೋ, ಬುರ್ಖಾ ನೋಡಿ ಹಾಗೆಂದನೋ ಅವಳಿಗೆ ಇವತ್ತಿಗೂ ತಿಳಿದಿಲ್ಲ. ಎರಡು ಸೀರೆ ಗಂಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ಬೆಳಗಿನ ತನಕ ಕುಳಿತಿದ್ದಳು. ಈ ಸಂಗತಿಯನ್ನು ಅವಳು ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯವರು ಮತ್ತೆ ಕಳುಹಿಸುವುದಿಲ್ಲ ಎಂಬ ಹೆದರಿಕೆ.

ನಾನು ಮದ್ರಸಾದಲ್ಲಿ ಓದಿ, ಮದುವೆಯಾದ ಮೇಲೆ ಬಿ.ಎ. ಮುಗಿಸಿದವಳು. ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಎಂಬ ಕಾರಣಕ್ಕಾಗಿ ಯಾವ ಪ್ರಜೆಯನ್ನೂ ಅಂಗಡಿ, ಹೋಟೆಲುಗಳಿಂದ ದೂರ ಇಡುವಂತಿಲ್ಲ ಎಂದು ಅದು ಹೇಳುತ್ತದೆ. ಹೋಟೆಲು ಎಂಬ ಪದ ಅಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ರಾತ್ರಿ ಒಂಬತ್ತು ಗಂಟೆಗೆ ಕೌಂಟರಿನ ಮುಂದೆ ನಿಂತ ಹೆಣ್ಣುಮಗಳು ವಿಧಿಯ ನಂಬರು ಹೇಳಿ ವಾದ ಮಾಡುವಳೇ?

ಕಳೆದ ವರ್ಷದ ಚಳಿಗಾಲದಲ್ಲಿ ಅವಳ ಜೊತೆ ನಾನೂ ಹೊರಟೆ. ಹತ್ತೊಂಬತ್ತು ವರ್ಷದ ನನ್ನ ಮಗ ಬಂದ. ನನಗೆ ಮಗ, ಅವಳಿಗೆ ಅಕ್ಕನ ಮಗ, ಇಬ್ಬರಿಗೂ ಮಹ್ರಮ್. ಅವಳ ವ್ಯಾಪಾರದ ದಾರಿಯಲ್ಲಿ ಉಳಿದುಕೊಳ್ಳಲು ಎಲ್ಲೆಲ್ಲಿ ಏನೇನು ಅನುಕೂಲ ಇದೆ ಎಂದು ಒಮ್ಮೆ ಕಣ್ಣಾರೆ ನೋಡಿ ಬರೋಣ ಎಂಬುದು ನನ್ನ ಯೋಚನೆ. ದುಬಾರಿ ಹೋಟೆಲುಗಳ ಮಾತು ನಮಗೆ ಬೇಡ. ಧರ್ಮಛತ್ರವೂ ಅಲ್ಲ. ಇವೆರಡರ ನಡುವೆ ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಸಿಗುವ ಕೋಣೆಗಳು.

ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ, ಗದಗ ದಾಟಿ, ಸಂಜೆ ಬಾದಾಮಿಯಲ್ಲಿ ಇಳಿದೆವು. ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರ. ಆಟೋ ಹಿಡಿಯಲೇಬೇಕು. ಬಾದಾಮಿಯ ಹೋಟೆಲುಗಳು ಪ್ರವಾಸಿಗರನ್ನು ನಂಬಿ ಬದುಕುವಂಥವು. ಕೆಂಪು ಬಂಡೆಯಲ್ಲಿ ಕೊರೆದ ನಾಲ್ಕು ಗುಹೆಗಳನ್ನು ನೋಡಲು ದೇಶ ವಿದೇಶದವರು ಬರುತ್ತಾರೆ. ಅಲ್ಲಿಂದ ಪಟ್ಟದಕಲ್ಲು, ಐಹೊಳೆಗೆ ಹೋಗುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ಬಾಡಿಗೆ ಏರುತ್ತದೆ, ಬೇಸಗೆಯಲ್ಲಿ ಚೌಕಾಸಿಗೆ ಬಗ್ಗುತ್ತದೆ. ನಮ್ಮದು ಏರಿದ ಕಾಲ.

ಕೋಣೆ ಚೆನ್ನಾಗಿಯೇ ಇತ್ತು. ಗೋಡೆಯಲ್ಲಿ ದೊಡ್ಡ ಟಿವಿ, ಮೂಲೆಯಲ್ಲಿ ಚಿಕ್ಕ ಫ್ರಿಜ್ಜು. ಆದರೆ ಬಚ್ಚಲಿನಲ್ಲಿ ಬಕೆಟ್ ಇದ್ದರೂ ಚೊಂಬು ಇಲ್ಲ. ನೀವೇ ಹೇಳಿ, ಚೊಂಬಿಲ್ಲದೆ ನಮ್ಮ ಮನೆಯ ಹೆಂಗಸರು ಸ್ನಾನ ಮಾಡುವುದು ಹೇಗೆ? ಕಿಟಕಿಯ ಬಳಿ ಒಂದು ಚೀಟಿ ಅಂಟಿಸಿದ್ದರು: ಕೋತಿಗಳಿವೆ, ಕಿಟಕಿ ತೆರೆಯಬೇಡಿ. ಬಾದಾಮಿಯ ಕೋತಿಗಳ ಕಥೆ ಕೇಳಿದವರಿಗೆ ಇದು ಹಾಸ್ಯವೆನಿಸದು. ಮರುದಿನ ಬೆಳಿಗ್ಗೆ ಗುಹೆಯ ಮೆಟ್ಟಿಲಲ್ಲಿ ಮಗನ ಕೈಯಿಂದ ಬಿಸ್ಕೆಟ್ ಪೊಟ್ಟಣ ಹೇಗೆ ಹೋಯಿತೆಂದು ಅವನಿಗೇ ಗೊತ್ತಾಗಲಿಲ್ಲ.

ನಾಷ್ಟಾ ಬಾಡಿಗೆಯಲ್ಲೇ ಸೇರಿದೆ ಎಂದಿದ್ದರು. ಎಷ್ಟು ಗಂಟೆಗೆ ಎಂದರೆ ಎಂಟಕ್ಕೆ. ಪ್ರವಾಸಕ್ಕೆ ಬಂದವರಿಗೆ ಎಂಟು ಗಂಟೆ ಸರಿಯೇ. ವ್ಯಾಪಾರಕ್ಕೆ ಹೊರಟವರಿಗೆ? ತಂಗಿ ನಕ್ಕಳು. "ಆಪಾ, ಬಾಡಿಗೆಯಲ್ಲಿ ಸೇರಿದ ನಾಷ್ಟಾ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅದು ಬರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ."

ಆ ದಿನ ಮಾತ್ರ ಮಗನಿಗಾಗಿ ನಿಧಾನ ಮಾಡಿದೆವು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಗುಹೆಗಳ ತಪ್ಪಲಲ್ಲೇ ಒಂದು ಹಳೆಯ ಮಸೀದಿ, ಅದರ ಆಚೆ ಅಗಸ್ತ್ಯ ಕೆರೆ. ಇಷ್ಟು ನೋಡಿ ಗುಳೇದಗುಡ್ಡದ ಬಸ್ಸು ಹತ್ತಿದೆವು. ಇಳಕಲ್ ಸೀರೆಗೆ ಒಪ್ಪುವ ಕುಪ್ಪಸದ ಖಣ ನೇಯುವ ಊರು ಅದು. ತಂಗಿ ಅಲ್ಲಿ ಎರಡು ಗಂಟೆ ಕಳೆದಳು. ನಾನೂ ಮಗನೂ ಮಿರ್ಚಿ ಭಜಿ ತಿಂದೆವು.

ರಾತ್ರಿ ಬಾಗಲಕೋಟೆ. ಈ ಊರಿನ ಸ್ಥಿತಿ ನಿಮಗೆ ಸ್ವಲ್ಪ ವಿವರಿಸಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಮನೆ ಕಳೆದುಕೊಂಡವರಿಗಾಗಿ ದೂರದಲ್ಲಿ ನವನಗರ ಕಟ್ಟಿದರು. 1997ರಲ್ಲಿ ಇದು ಜಿಲ್ಲಾ ಕೇಂದ್ರವೂ ಆಯಿತು. ಸರಕಾರಿ ಕಚೇರಿಗಳು ನವನಗರಕ್ಕೆ ಹೋದವು, ಹಳೆಯ ಮಾರುಕಟ್ಟೆ ಹಳೆಯ ಊರಲ್ಲೇ ಉಳಿಯಿತು. ಆದ್ದರಿಂದ ಕೋಣೆ ಹಿಡಿಯುವ ಮೊದಲು ನಿಮ್ಮ ಕೆಲಸ ಯಾವ ಕಡೆ ಎಂದು ತಿಳಿದಿರಬೇಕು. ತಿಳಿಯದೆ ಹಿಡಿದರೆ ಉಳಿಸಿದ ನೂರು ರೂಪಾಯಿ ಆಟೋದವನಿಗೆ ಹೋಗುತ್ತದೆ. ನಮಗೆ ಹಾಗೆಯೇ ಆಯಿತು.

ಇಲ್ಲಿ ಉಳಿಯುವವರು ಪ್ರವಾಸಿಗರಲ್ಲ. ಔಷಧ ಕಂಪೆನಿಯವರು, ಸಿಮೆಂಟು, ಸಕ್ಕರೆ ಕಾರ್ಖಾನೆಗಳ ಕೆಲಸಕ್ಕೆ ಬಂದವರು, ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಬಂದವರು. ಬೆಳಿಗ್ಗೆ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದಾಗ ನಾನು ಶಾಲೆಯ ಅಭ್ಯಾಸದಂತೆ ಪ್ರಶ್ನೆ ಕೇಳತೊಡಗಿದೆ. ಕೇಳಿದರೆ ಜನ ಎಷ್ಟು ಸಂತೋಷದಿಂದ ಉತ್ತರ ಕೊಡುತ್ತಾರೆ ಗೊತ್ತೇ! ವಾರದಲ್ಲಿ ನಾಲ್ಕು ರಾತ್ರಿ ಲಾಡ್ಜಿನಲ್ಲಿ ಮಲಗುವವನನ್ನು, ನಿಮಗೇನು ಬೇಕು ಎಂದು ಈವರೆಗೆ ಯಾರೂ ಕೇಳಿರಲಿಲ್ಲವಂತೆ.

ಔಷಧ ಕಂಪೆನಿಯ ಯುವಕನ ಲೆಕ್ಕ ಬೇರೆಯೇ. ಕಂಪೆನಿ ಅವನಿಗೆ ದಿನದ ಖರ್ಚಿಗೆಂದು ಒಂದು ನಿಗದಿತ ಮೊತ್ತ ಕೊಡುತ್ತದೆ. ಕೋಣೆಯ ಬಿಲ್ಲಿನಲ್ಲೇ ನಾಷ್ಟಾ ಸೇರಿದ್ದರೆ ಅವನ ಜೇಬಿನ ಹಣ ಉಳಿಯುತ್ತದೆ. ಆದ್ದರಿಂದ ತಣ್ಣಗಿದ್ದರೂ ಅದನ್ನೇ ತಿನ್ನುತ್ತಾನೆ. ಜೊತೆಗೆ ಜಿಎಸ್‌ಟಿ ನಮೂದಿಸಿದ ಸರಿಯಾದ ಬಿಲ್ಲು ಬೇಕು, ಬಿಳಿ ಚೀಟಿಯಲ್ಲಿ ಬರೆದು ಕೊಟ್ಟದ್ದು ನಡೆಯುವುದಿಲ್ಲ. ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ತನಕದ ಕೋಣೆಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲು ಕೊಟ್ಟಾಗ ಒಮ್ಮೆ ನೋಡಿಕೊಳ್ಳಿ. ಹಳೆಯ ದರವನ್ನೇ ಹಾಕುವವರೂ ಇರಬಹುದು.

ಯಂತ್ರ ರಿಪೇರಿಗೆ ಬಂದಿದ್ದ ಹಿರಿಯರೊಬ್ಬರು, "ಟಿವಿ ತೆಗೆದುಬಿಡಲಿ, ಹಾಸಿಗೆಯ ಪಕ್ಕದಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಲಿ" ಎಂದರು. ಮೊಬೈಲನ್ನು ಬಾಗಿಲ ಬಳಿ ಚಾರ್ಜಿಗೆ ಹಾಕಿ, ರಾತ್ರಿ ಮನೆಯಿಂದ ಕರೆ ಬಂದರೆ ಎದ್ದು ಓಡಬೇಕು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆಯಂತೆ. ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಮಾತು.

ಬ್ಯಾಂಕಿನ ತಪಾಸಣೆಗೆ ಬಂದಿದ್ದ ಸೋದರಿಯೊಬ್ಬರು ಆ ಕೋಣೆಯಲ್ಲಿ ನಮ್ಮನ್ನು ಬಿಟ್ಟರೆ ಇದ್ದ ಏಕೈಕ ಮಹಿಳೆ. ಅವರು ಕೋಣೆಗೆ ಹೋದೊಡನೆ ಹಾಸಿಗೆ ನೋಡುವುದಿಲ್ಲ. ಬಾಗಿಲಿನ ಒಳಚಿಲಕ ನೋಡುತ್ತಾರೆ. ಅದು ಸಡಿಲವಿದ್ದರೆ ಕೋಣೆ ಬದಲಿಸಲು ಕೇಳುತ್ತಾರೆ. ಆಮೇಲೆ ಬಚ್ಚಲಿನ ಗಾಳಿಕಿಂಡಿ. ಅದು ಓಣಿಯ ಕಡೆಗೆ ತೆರೆದಿದ್ದರೆ ಟವೆಲಿನಿಂದ ಮುಚ್ಚುತ್ತಾರೆ. ಮೂರನೆಯದು, ಕೋಣೆ ಮೆಟ್ಟಿಲಿಗೆ ಹತ್ತಿರ ಇರಬೇಕು, ಉದ್ದ ಪಡಸಾಲೆಯ ಕಟ್ಟಕಡೆಯದಾಗಿರಬಾರದು. ನಾಲ್ಕನೆಯದನ್ನು ಅವರು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: ಕೆಳಗೆ ಬಾರ್ ಇರಬಾರದು.

ಈ ಕಡೆ ಅನೇಕ ಮಧ್ಯಮ ದರ್ಜೆಯ ಲಾಡ್ಜುಗಳ ಬೋರ್ಡಿನಲ್ಲಿ ಬಾರ್ ಮತ್ತು ಲಾಡ್ಜಿಂಗ್ ಎಂಬ ಎರಡು ಪದಗಳು ಒಟ್ಟಿಗೇ ಇರುತ್ತವೆ. ರಾತ್ರಿ ಬಾಟಲಿಗಳು ಸಾಲಾಗಿ ನಿಂತ ಮೇಜಿನ ಮೇಲೆಯೇ ಬೆಳಿಗ್ಗೆ ಇಡ್ಲಿ ಬರುತ್ತದೆ. ಒರೆಸಿರುತ್ತಾರೆ, ನಿಜ. ಆದರೆ ಆ ವಾಸನೆ? ಅದು ನಮಗೆ ಮಾತ್ರ ಆಗದ ವಿಷಯ ಎಂದುಕೊಂಡಿದ್ದೆ. ಆ ಬ್ಯಾಂಕಿನ ಸೋದರಿ ನಮ್ಮ ಧರ್ಮದವರಲ್ಲ. ಔಷಧದ ಯುವಕನೂ ತಲೆಯಾಡಿಸಿದ.

ಇನ್ನು ನಾಷ್ಟಾದ ಬಗ್ಗೆ. ಅಲ್ಲಿ ಸ್ಟೀಲಿನ ಮುಚ್ಚಿದ ಪಾತ್ರೆಗಳಲ್ಲಿ ಇಡ್ಲಿ, ಉಪ್ಪಿಟ್ಟು, ಪಕ್ಕದಲ್ಲಿ ಬ್ರೆಡ್ಡು ಮತ್ತು ಕೆಂಪು ಜಾಮು ಇದ್ದವು. ಇಡ್ಲಿಯ ಅಂಚು ಒಣಗಿತ್ತು. ಜೋಳದ ರೊಟ್ಟಿಯ ನಾಡಿನಲ್ಲಿ ಕುಳಿತು ನಾವೆಲ್ಲ ಬ್ರೆಡ್ಡಿಗೆ ಜಾಮು ಸವರುತ್ತಿದ್ದೆವು! ಹೊರಗೆ ರಸ್ತೆಯ ಬದಿಯಲ್ಲಿ ತಳ್ಳುಗಾಡಿಯವನು ಸುಸಲಾ ಮಾಡುತ್ತಿದ್ದ. ನೆನೆಸಿ ಹಿಂಡಿದ ಚುರುಮುರಿಗೆ ಈರುಳ್ಳಿ, ಹಸಿಮೆಣಸು, ಅರಿಸಿನದ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟು ಕೊಡುತ್ತಾನೆ. ಹೋಟೆಲಿನ ಅರ್ಧ ಜನ ಕೈ ತೊಳೆದು ಅಲ್ಲಿಗೇ ಹೋದರು. ಮಗ ಮೊದಲೇ ಹೋಗಿದ್ದ. ಮನೆಯಲ್ಲಿ ಮಾಡುವುದನ್ನೇ ಬಿಸಿಯಾಗಿ ಕೊಟ್ಟರೆ ಸಾಕು ಎಂಬುದು ಹೋಟೆಲಿನವರಿಗೆ ಏಕೆ ಹೊಳೆಯುವುದಿಲ್ಲವೋ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ರೊಟ್ಟಿ, ಪಲ್ಯ, ಕುಡಿಕೆಯ ಮೊಸರು ಮಾರುವ ಹೆಂಗಸರನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಮೂರನೆಯ ದಿನ ಪೂರ್ವಕ್ಕೆ ಹೊರಟೆವು. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡೆವು. ಅಂಟು, ಬೆಲ್ಲ, ಒಣಹಣ್ಣು, ಕೊಬ್ಬರಿಯ ಈ ಸಿಹಿ ಪ್ರಯಾಣದಲ್ಲಿ ಹೊಟ್ಟೆ ಹಿಡಿಯುತ್ತದೆ. ಬೆಳಗಿನ ನಾಷ್ಟಾ ಸಿಗದ ದಿನ ಎರಡು ತುಂಡು ಕರದಂಟು, ಒಂದು ಲೋಟ ಚಹಾ ತಂಗಿಯ ಹಳೆಯ ಉಪಾಯ. ಹುನಗುಂದದಲ್ಲಿ ದೊಡ್ಡ ಹೆದ್ದಾರಿ ಸೇರಿತು. ಸೊಲ್ಲಾಪುರದಿಂದ ವಿಜಯಪುರ, ಹುನಗುಂದ, ಇಳಕಲ್, ಹೊಸಪೇಟೆ ಹಾದು ಚಿತ್ರದುರ್ಗಕ್ಕೆ ಹೋಗುವ ರಸ್ತೆ ಇದು. ಲಾರಿಗಳ ಸಾಲು. ಬದಿಯಲ್ಲಿ ಢಾಬಾಗಳು. ಹುನಗುಂದದಲ್ಲಿ ನಾವು ಉಳಿಯಲಿಲ್ಲ, ಒಂದು ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡೆವು. ಬಡಿಸಿದ ಅಜ್ಜಿ ನಮ್ಮ ಬುರ್ಖಾ ನೋಡಿ, "ಒಳಗ ಕುಂದರ್ರಿ ಯವ್ವಾ, ಆರಾಮಾಗಿ ಉಣ್ರಿ" ಎಂದು ಅಡುಗೆಮನೆಯ ಪಕ್ಕದಲ್ಲಿ ಚಾಪೆ ಹಾಸಿದರು. ಐದು ಪೈಸೆ ಹೆಚ್ಚು ಕೇಳಲಿಲ್ಲ.

ಆ ಹೆದ್ದಾರಿಯಲ್ಲಿ ನನಗೆ ಇಬ್ನ್ ಬತೂತಾ ನೆನಪಾದರು. 14ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಓಡಾಡಿದ ಅವರು, ಮಲಬಾರಿನ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೆ ಒಂದು ಮರದ ಮನೆ, ಕೂರಲು ಜಗುಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇರುವುದನ್ನು ಬರೆದಿದ್ದಾರೆ. ಮುಸ್ಲಿಮರಿಗೂ ಇತರರಿಗೂ ಅಲ್ಲಿ ಜಾಗ ಇತ್ತು. ಆರು ನೂರು ವರ್ಷಗಳಾಚೆಯ ಆ ಪ್ರಯಾಣಿಕ ಗಮನಿಸಿದ್ದೂ ಇದನ್ನೇ ನೋಡಿ: ಕೂರಲು ಜಾಗ, ನೀರು, ವಿಚಾರಿಸುವ ಒಬ್ಬ ಮನುಷ್ಯ.

ಇಳಕಲ್ ತಲುಪಿದಾಗ ಅಸರ್ ಆಗಿತ್ತು. ಇಲ್ಲಿ ಸೀರೆಯವರಿಗಿಂತ ಹೆಚ್ಚಾಗಿ ಲಾಡ್ಜು ತುಂಬುವವರು ಗ್ರಾನೈಟಿನವರು ಎಂದು ತಂಗಿ ಹೇಳಿದಳು. ಸುತ್ತಲಿನ ಕ್ವಾರಿಗಳ ಕೆಂಪು ಗ್ರಾನೈಟ್ ಕೊಳ್ಳಲು ಹೊರ ರಾಜ್ಯಗಳಿಂದ ಬರುತ್ತಾರೆ. ಅವರಿಗೆ ಕಾರು ನಿಲ್ಲಿಸಲು ಜಾಗ ಬೇಕು, ಎ.ಸಿ. ಬೇಕು. ಹೊಸ ಲಾಡ್ಜುಗಳು ಅವರನ್ನು ನೋಡಿಯೇ ಕಟ್ಟಿದಂತಿವೆ. ನಮ್ಮ ತಂಗಿಯಂಥವರು, ಎರಡು ಗಂಟು ಸೀರೆ ಒಯ್ಯುವವರು, ಯಾರ ಲೆಕ್ಕಕ್ಕೂ ಬಂದಿಲ್ಲ.

ಒಂದೆರಡು ಕಡೆ ನೋಡಿ, ಬಾರ್ ಇಲ್ಲದ ಒಂದು ಹಳೆಯ ಲಾಡ್ಜಿಗೆ ಹೋದೆವು. ಲಿಫ್ಟ್ ಇಲ್ಲ, ಗೋಡೆಯ ಬಣ್ಣ ಮಾಸಿದೆ. ಕೌಂಟರಿನಲ್ಲಿದ್ದ ಹಿರಿಯ ಮ್ಯಾನೇಜರರ ಹಿಂದೆ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರ ಚಿತ್ರ. ಕುಡಿತ, ತಂಬಾಕು ಬಿಡಿ ಎಂದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಜೋಳಿಗೆಗೆ ಹಾಕಿಸಿಕೊಂಡ ಸ್ವಾಮೀಜಿ ಅವರು. 2018ರಲ್ಲಿ ತೀರಿಕೊಂಡರು. ಇದೇ ಊರಿನಲ್ಲಿ ಮುರ್ತುಜಾ ಖಾದ್ರಿಯವರ ದರ್ಗಾವೂ ಇದೆ. ಮ್ಯಾನೇಜರು ಮೂವರ ಗುರುತಿನ ಚೀಟಿ ಕೇಳಿದರು, ಕೊಟ್ಟೆವು. ಓದುಗ ಸೋದರಿಯರೇ, ಇಲ್ಲಿ ಒಂದು ಮಾತು. ಆಧಾರ್ ಪೂರ್ತಿ ಪ್ರತಿ ಕೊಡಬೇಕಾಗಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಪಡೆಯಬಹುದು. ಮಗ ಹೊರಡುವ ಮೊದಲೇ ಮೂವರದ್ದೂ ತೆಗೆದಿಟ್ಟಿದ್ದ.

ನಾನು ಬ್ಯಾಂಕಿನ ಸೋದರಿಯಂತೆ ಮೊದಲು ಚಿಲಕ ನೋಡಿದೆ. ಗಟ್ಟಿಯಾಗಿತ್ತು. ಚೊಂಬು ಇತ್ತು! ನೀರು ಸ್ವಲ್ಪ ಸವಳು, ಸೋಪು ನೊರೆ ಬರಲಿಲ್ಲ. ಮಗ ಮೊಬೈಲಿನಲ್ಲಿ ಕಿಬ್ಲಾ ಹುಡುಕಿದ. ಕಬ್ಬಿಣದ ಕಪಾಟಿನ ಪಕ್ಕ ಮುಳ್ಳು ಒಂದು ಕಡೆ, ಕಿಟಕಿಯ ಬಳಿ ಇನ್ನೊಂದು ಕಡೆ ತೋರಿಸಿತು. ಕೊನೆಗೆ ಸೂರ್ಯ ಮುಳುಗಿದ ದಿಕ್ಕು ನೋಡಿ, ಉತ್ತರಕ್ಕೆ ತುಸು ವಾಲಿ ನಿಂತೆವು.

ಬಿಸಿನೀರು ಎಷ್ಟು ಹೊತ್ತಿಗೆ ಎಂದು ಕೇಳಿದಾಗ ಮ್ಯಾನೇಜರು ಏಳಕ್ಕೆ ಎಂದರು. ಸೋಲಾರ್ ನೀರು ರಾತ್ರಿಗೆ ತಣ್ಣಗಾಗುತ್ತದೆ, ಬೆಳಿಗ್ಗೆ ಬಾಯ್ಲರ್ ಹಾಕಬೇಕಂತೆ. ಐದೂವರೆಗೆ ಬೇಕಿತ್ತು ಎಂದಳು ತಂಗಿ. ನಮಾಝಿಗೆ ಎಂದು ಹೇಳಲೋ ಬೇಡವೋ ಎಂದು ಅವಳು ಹಿಂದೆಮುಂದೆ ನೋಡುತ್ತಿದ್ದಂತೆ ಅವರೇ, "ನಮಾಜಿಗೇನ್ರಿ? ಐದಕ್ಕ ಒಲಿ ಹಚ್ಚಸ್ತೀನಿ" ಎಂದರು. ನಸುಕಿನಲ್ಲಿ ಬಾಗಿಲು ತಟ್ಟಿದ ಸದ್ದು. ತೆರೆದರೆ ಹೊರಗೆ ಎರಡು ಬಕೆಟ್ ಬಿಸಿನೀರು, ತಂದ ಹುಡುಗ ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಅಲ್ಲಿ ನಾಷ್ಟಾ ಇರಲಿಲ್ಲ. ಎದುರಿನ ಹೋಟೆಲು ಆರಕ್ಕೇ ತೆರೆದಿತ್ತು. ಅವಲಕ್ಕಿ, ಶಿರಾ, ಚಹಾ. ಏಳಕ್ಕೆಲ್ಲ ನಾವು ನೇಕಾರರ ಓಣಿಯಲ್ಲಿದ್ದೆವು. ಇಳಕಲ್ಲಿನಲ್ಲೇ ಮಲಗುವುದರ ಲಾಭ ನನಗೆ ತಿಳಿದದ್ದು ಆಗ. ಬೆಳಿಗ್ಗೆ ದೊಡ್ಡ ವ್ಯಾಪಾರಿಗಳು ಬರುವ ಮೊದಲು ಮಗ್ಗದಿಂದ ಇಳಿದ ಸೀರೆಗಳನ್ನು ತಂಗಿ ತಾನೇ ಬಿಡಿಸಿ, ಬೆಳಕಿಗೆ ಹಿಡಿದು, ಸೆರಗು ನೋಡಿ ಆರಿಸಿದಳು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲಿನ ಕೊಂಡಿ ಹಾಕಿ ಜೋಡಿಸುವುದು ಇಳಕಲ್ಲಿನ ಕೈಮಗ್ಗದ ಗುರುತು. ಆ ಕೂಡುಭಾಗವನ್ನು ಬೆರಳಿನಿಂದ ಸವರಿ ಅವಳು ಅಸಲಿ, ನಕಲಿ ಹೇಳಿಬಿಡುತ್ತಾಳೆ. ಚಿಕ್ಕಿ ಪರಾಸಿನ ಅಂಚಿನವು ಎಂಟು, ಗೋಮಿಯವು ಐದು. ಬಾಗಲಕೋಟೆಯಿಂದ ಬಸ್ಸು ಹತ್ತಿ ಹತ್ತು ಗಂಟೆಗೆ ಬಂದರೆ ಉಳಿದದ್ದನ್ನು ಕೊಳ್ಳಬೇಕಾಗುತ್ತದೆ.

ಬಸ್ಸಿನಲ್ಲಿ ಅವಳು ಲೆಕ್ಕದ ಪುಸ್ತಕ ತೆಗೆದಳು. ಕೋಣೆ, ನಾಷ್ಟಾ, ಆಟೋ ಎಂದು ಮೂರು ಸಾಲು. ಈ ಮೂರನ್ನು ಹದಿಮೂರು ಸೀರೆ, ಖಣಗಳ ಮೇಲೆ ಹಂಚಿದಳು. ಬಾದಾಮಿಯ ರಾತ್ರಿಯನ್ನು ಸೇರಿಸಲಿಲ್ಲ, "ಅದು ನಿನ್ನ ಮಗನ ಖಾತೆಗೆ ಆಪಾ" ಎಂದಳು. ದಾವಣಗೆರೆಯ ವ್ಯಾಪಾರಿಯ ದರಕ್ಕಿಂತ ಸೀರೆಯೊಂದಕ್ಕೆ ಚೆನ್ನಾಗಿಯೇ ಉಳಿದಿತ್ತು. ಬಸ್ ನಿಲ್ದಾಣದಲ್ಲಿ ಕುಳಿತ ಆ ರಾತ್ರಿಯ ಲೆಕ್ಕವೂ ಅದೇ ಪುಸ್ತಕದಲ್ಲಿದೆ. ಕೋಣೆ ಎಂಬ ಸಾಲಿನ ಮುಂದೆ ಸೊನ್ನೆ ಬರೆದಿದ್ದಾಳೆ.

ರಮಝಾನಿಗೆ ಮೊದಲು ಅವಳು ಮತ್ತೆ ಹೋಗಬೇಕಿತ್ತು, ಈದ್ ಮಾಲಿಗೆ. ಅವಳ ಅತ್ತೆಯೂ ಹೊರಟಿದ್ದರು, ದರ್ಗಾ ನೋಡಿಬರುತ್ತೇನೆಂದು. ಮನೆಯ ಗಂಡಸರಿಗೆ ಬಿಡುವಿಲ್ಲ. ನಾನೇ ಆ ಲಾಡ್ಜಿಗೆ ಫೋನ್ ಮಾಡಿದೆ. ಇಬ್ಬರೂ ಹೆಂಗಸರೇ, ಜೊತೆಗೆ ಗಂಡಸರಿಲ್ಲ, ಕೋಣೆ ಕೊಡುತ್ತೀರಾ ಎಂದು ನೇರವಾಗಿ ಕೇಳಿದೆ. ಆ ಕಡೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮ್ಯಾನೇಜರು, "ಅಕ್ಕಾರ, ಸೀರಿ ಗಂಟಿನ ಅಕ್ಕಾ ಅಲ್ಲೇನ್ರಿ? ಕಳಸ್ರಿ. ಮೆಟ್ಟಲಾ ಪಕ್ಕದ ಖೋಲಿ ಇಟ್ಟಿರ್ತೀನಿ. ಅಮ್ಮಾರಿಗೆ ಮ್ಯಾಲೆ ಹತ್ತಾಕ ಆಗ್ತೈತಿಲ್ರಿ?" ಎಂದರು.